ದಾರಿ ಮೊದಲು, ಕಟ್ಟಡ ಆಮೇಲೆ

ಕೇಳುಗರಿಗೆ ನಮಸ್ಕಾರ. ಮುಂದಿನ ನಗರ ಅಂದ ಕೂಡಲೇ ಗಾಜಿನ ಗೋಪುರ, ಹಾರುವ ಟ್ಯಾಕ್ಸಿ ಕಣ್ಮುಂದೆ ಬರುತ್ತವೆ, ಅಲ್ವಾ? ಅವು ಹಾಗಿರಲಿ. ನಾನು ಹೇಳುವುದು ಒಂದೇ ಮಾತು: ಜನ ಹೇಗೆ ಓಡಾಡಬೇಕು ಅಂತ ಮೊದಲು ತೀರ್ಮಾನಿಸಿ, ಕಟ್ಟಡ ಆಮೇಲೆ ಎಬ್ಬಿಸಿ. ನಗರ ವಿನ್ಯಾಸದ ಜೀವಾಳವೇ ಇದು.

ಬ್ರೆಜಿಲ್ ದೇಶದಲ್ಲಿ ಕುರಿಟಿಬಾ ಅಂತ ಒಂದು ಊರು. 1971ರಲ್ಲಿ ಜೈಮೆ ಲರ್ನರ್ ಎಂಬ ವಾಸ್ತುಶಿಲ್ಪಿ ಅಲ್ಲಿ ಮೇಯರ್ ಆದರು. ಊರ ನಡುವಿನ ಅಂಗಡಿ ಬೀದಿಯನ್ನು ನಡೆಯುವವರಿಗೇ ಬಿಟ್ಟುಕೊಡಬೇಕು ಅಂತ ಅವರ ಹಠ. ವ್ಯಾಪಾರ ಮುಳುಗುತ್ತದೆ ಅಂತ ಅಂಗಡಿಯವರು ತಿರುಗಿಬಿದ್ದರು. ವಿಷಯ ಕೋರ್ಟಿಗೆ ಹೋದರೆ ಕೆಲಸ ನಿಂತಂತೆಯೇ. ಅದಕ್ಕೇ 1972ರ ಮೇ ತಿಂಗಳ ಒಂದು ಶುಕ್ರವಾರ ಸಂಜೆ, ಕಚೇರಿಗಳು ಬಾಗಿಲು ಹಾಕಿದ ಮೇಲೆ, ಕೆಲಸ ಶುರುಮಾಡಿಸಿದರು. ಕಲ್ಲು ಹಾಸಿದರು, ದೀಪದ ಕಂಬ ನೆಟ್ಟರು, ಹೂಗಿಡ ಇಟ್ಟರು. ಸೋಮವಾರದೊಳಗೆ ಬೀದಿ ತಯಾರು! ಕಾರಿನವರ ಕ್ಲಬ್ಬು ಸುಮ್ನೆ ಕೂರಲಿಲ್ಲ. ಮೆರವಣಿಗೆಯಲ್ಲಿ ಬಂದು ಬೀದಿ ವಾಪಸ್ ಪಡೆಯುತ್ತೇವೆ ಅಂದಿತು. ಲರ್ನರ್ ಪೊಲೀಸರನ್ನು ಕರೆಸಲಿಲ್ಲ. ಬೀದಿಯುದ್ದಕ್ಕೂ ಕಾಗದದ ಸುರುಳಿ ಹಾಸಿಸಿ, ಮಕ್ಕಳನ್ನು ಚಿತ್ರ ಬರೆಯಲು ಕೂರಿಸಿದರು. ಕಾರಿನವರು ಬಂದು ನೋಡಿದರೆ ದಾರಿ ತುಂಬ ಮಕ್ಕಳು. ಹಿಂದಿರುಗಿದರು. ವಿರೋಧಿಸಿದ್ದ ಅಂಗಡಿಯವರೇ ಆಮೇಲೆ ಇನ್ನಷ್ಟು ದೂರ ಹೀಗೇ ಮಾಡಿಕೊಡಿ ಅಂದರು. ಈ ಪ್ರಸಂಗ ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

1974ರಲ್ಲಿ ಅದೇ ಊರಿನಲ್ಲಿ ಬಸ್ಸಿಗೇ ಬೇರೆ ದಾರಿ ಬಂತು. ಎತ್ತರದ ಕಟ್ಟಡಗಳಿಗೆ ಮುಖ್ಯವಾಗಿ ಆ ದಾರಿಯ ಅಕ್ಕಪಕ್ಕವೇ ಜಾಗ. ನೋಡಿ, ದಾರಿ ಮೊದಲು, ಕಟ್ಟಡ ಆಮೇಲೆ. ಮುಂದೆ ಟಿಕೆಟ್ ನಿಲ್ದಾಣದಲ್ಲೇ ಪಡೆದು, ಮೆಟ್ಟಿಲು ಹತ್ತದೆ ನೇರ ಬಸ್ಸಿನೊಳಕ್ಕೆ ಹೆಜ್ಜೆ ಇಡುವ ಏರ್ಪಾಡೂ ಆಯಿತು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ಜಾಸ್ತಿ ಕಡೆ ಮೊದಲು ಲೇಔಟ್, ಆಮೇಲೆ ಅಪಾರ್ಟ್‌ಮೆಂಟ್, ಕೊನೆಗೆ ಬಸ್ ಎಲ್ಲಿ ಓಡಿಸೋಣ ಅಂತ ತಲೆ ಕೆರೆದುಕೊಳ್ಳುವುದು. 'ಒಂದು ಫ್ಲೈಓವರ್ ಕಟ್ಟಿಬಿಡಿ ಸಾರ್' ಅನ್ನುವುದನ್ನು ಕೇಳಿ ಕೇಳಿ ಸಾಕಾಗಿದೆ. ದಯವಿಟ್ಟು ಬೇಡ!

ನೀರಿನ ದಾರಿಗೂ ಇದೇ ಮಾತು. ಕುರಿಟಿಬಾದವರು ನೆರೆ ಬರುವ ಬರಿಗುಯಿ ಹೊಳೆದಂಡೆಯನ್ನು ಕೆರೆ, ಉದ್ಯಾನ ಮಾಡಿ ಬಿಟ್ಟರು. ನಾವು ರಾಜಕಾಲುವೆ ಒತ್ತಿಕೊಂಡು ಕಟ್ಟಡ ಕಟ್ಟಿದೆವು. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು.

ಸಮಯ ಆಗುತ್ತಿದೆ. ನಿಮ್ಮೂರಿನ ಮಾಸ್ಟರ್ ಪ್ಲಾನ್ ಕರಡು ಬಂದಾಗ ಜನರ ಆಕ್ಷೇಪಣೆ ಕರೆಯುತ್ತಾರೆ. ಪ್ರಾಧಿಕಾರದ ಕಚೇರಿಗೆ ಹೋಗಿ ನಕ್ಷೆ ನೋಡಿ. ಹೊಸ ಬಡಾವಣೆಗೆ ಬಸ್ ಎಲ್ಲಿಂದ ಬರುತ್ತದೆ, ಮಳೆನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಉತ್ತರ ಸಿಗದಿದ್ದರೆ ಆಕ್ಷೇಪಣೆ ಬರೆದುಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ. ನಮಸ್ಕಾರ.