ವೀಸಾ ಇದೆ ಸರಿ, ತಾರೀಖು ನೋಡಿದ್ರಾ?

ಎಲ್ಲರಿಗೂ ನಮಸ್ಕಾರ. ಬೇರೆ ದೇಶಕ್ಕೆ ಹೋದವರು ಅಲ್ಲಿನ ಇಮಿಗ್ರೇಶನ್ ಕಾನೂನು ಮುರಿದ್ರೆ ಏನೇನು ಶಿಕ್ಷೆ ಆಗುತ್ತೆ ಅಂತ ಹತ್ತು ನಿಮಿಷ ಮಾತಾಡಿ ಅಂದ್ರು, ಸರಿ ಅಂತ ಬಂದೆ. ನಾನು ವಕೀಲ, ಇಪ್ಪತ್ತು ವರ್ಷದ ಮೇಲಾಯ್ತು ಈ ವೀಸಾ ಪಾಸ್‌ಪೋರ್ಟ್ ತಕರಾರುಗಳನ್ನೇ ನೋಡ್ಕೊಂಡು ಬಂದಿದೀನಿ. ಈಗ ಕೇಳ್ತಾ ಇರೋ ನಿಮ್ಮಲ್ಲಿ ಯಾರಿಗೋ ಮುಂದಿನ ತಿಂಗಳ ಟಿಕೆಟ್ ಆಗ್ಲೇ ಬುಕ್ ಆಗಿರುತ್ತೆ, ಮಗನ ಹತ್ರ ಹೋಗಕ್ಕೋ ಮಗಳ ಹತ್ರ ಹೋಗಕ್ಕೋ, ಇಲ್ಲಾ ಸುಮ್ನೆ ಊರು ನೋಡ್ಕೊಂಡು ಬರಕ್ಕೋ. ನಾನು ಮಾತಾಡ್ತಿರೋದು ನಿಮ್ಮ ಜೊತೆ. ಕಳ್ಳ ದೋಣಿ ಹತ್ತೋರ ಜೊತೆ ಅಲ್ಲ, ಅವರು ರೇಡಿಯೋ ಕೇಳಿ ಮನಸ್ಸು ಬದಲಾಯಿಸೋರಲ್ಲ ಬಿಡಿ.

ಮುಖ್ಯವಾದದ್ದು ಮೊದಲೇ ಹೇಳಿಬಿಡ್ತೀನಿ, ಆಮೇಲೆ ಟೈಮ್ ಸಾಲಲ್ಲ. ತಾರೀಖು ನೋಡ್ಕೊಳಿ. ಯಾವ ತಾರೀಖು? ವೀಸಾ ಮೇಲಿರೋದನ್ನ ಮರೆತುಬಿಡಿ. ವೀಸಾ ಅನ್ನೋದು ಬಾಗಿಲು ತಟ್ಟಕ್ಕೆ ಕೊಟ್ಟ ಚೀಟಿ ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಅಂತ ತೀರ್ಮಾನ ಮಾಡೋನು ಅಲ್ಲಿ ಏರ್‌ಪೋರ್ಟಲ್ಲಿ ಕೌಂಟರ್ ಹಿಂದೆ ಕೂತಿರ್ತಾನಲ್ಲ ಆ ಆಫೀಸರು. ಅವನು ಕೊಟ್ಟ ತಾರೀಖೇ ತಾರೀಖು. ವೀಸಾ ಎರಡು ವರ್ಷದ್ದಿರಲಿ, ಹತ್ತು ವರ್ಷದ್ದಿರಲಿ, ಅವನು ಮೂವತ್ತು ದಿನ ಅಂದ್ರೆ ಮೂವತ್ತೇ ದಿನ. ನನ್ನ ಹತ್ರ ಅಳ್ತಾ ಬಂದವರಲ್ಲಿ ಎಷ್ಟೋ ಜನ ಇಷ್ಟು ಚಿಕ್ಕ ವಿಷಯದಲ್ಲೇ ಎಡವಿದವರು.

ಒಂದು ಕಥೆ ಹೇಳ್ತೀನಿ. ಹೆಸರು ಬೇಡ, ನನ್ನ ಪರಿಚಯದವರೇ ಒಬ್ರು, ವಯಸ್ಸು ಆಗ 49, ಈ 49 ಅನ್ನೋದನ್ನ ಸ್ವಲ್ಪ ನೆನಪಿಟ್ಕೊಳಿ. ಸಿಂಗಾಪುರದಲ್ಲಿ ಅವರ ಅಕ್ಕ ಇದ್ರು, ಭಾವನಿಗೆ ದೊಡ್ಡ ಆಪರೇಷನ್ ಆಗಿತ್ತು, ಮನೇಲಿ ಕೈಗೆ ಆಗೋರು ಯಾರೂ ಇರಲಿಲ್ಲ ಅಂತ ಇವರು ಹೋದ್ರು. ವೀಸಾ ಎರಡು ವರ್ಷದ್ದು, ಎಷ್ಟು ಸಲ ಬೇಕಾದ್ರೂ ಹೋಗಿಬರಬಹುದು. ಇವರು ಅದನ್ನ ಓದಿ ಎರಡು ವರ್ಷ ಅಲ್ಲೇ ಇರಬಹುದು ಅಂತ ತಿಳ್ಕೊಂಡ್ರು. ತಪ್ಪು ತಿಳ್ಕೊಂಡ್ರು ಅಂತ ಬೈಯಕ್ಕೂ ಮನಸ್ಸು ಬರಲ್ಲ, ಯಾಕಂದ್ರೆ ಓದಿದವರೆಲ್ಲ ಹಾಗೇ ತಿಳ್ಕೊಳ್ತಾರೆ.

ಅಲ್ಲಿ ಈಗ ಪಾಸ್‌ಪೋರ್ಟ್ ಮೇಲೆ ಠಸ್ಸೆ ಹೊಡೆಯಲ್ಲ. ಹೋಗೋಕೆ ಮುಂಚೆ ಆನ್‌ಲೈನಲ್ಲಿ ಅರೈವಲ್ ಕಾರ್ಡ್ ಅಂತ ತುಂಬಬೇಕು, ಒಳಗೆ ಬಿಟ್ಟಮೇಲೆ ಆ ಕಾರ್ಡಲ್ಲಿ ಕೊಟ್ಟಿರೋ ಈಮೇಲ್‌ಗೆ ಈ-ಪಾಸ್ ಅಂತ ಒಂದು ಬರುತ್ತೆ, ಎಲ್ಲಿ ತನಕ ಇರಬಹುದು ಅನ್ನೋದು ಅದರಲ್ಲಿ ಇರುತ್ತೆ. ಇವರ ಕಾರ್ಡ್ ತುಂಬಿದ್ದು ಯಾರು? ಟ್ರಾವೆಲ್ ಏಜೆಂಟು. ಯಾರ ಈಮೇಲ್ ಹಾಕಿದ್ದ? ತನ್ನದೇ! ಈ-ಪಾಸ್ ಹೋಗಿ ಅವನ ಇನ್‌ಬಾಕ್ಸಲ್ಲಿ ಬಿತ್ತು, ಅವನು ತೆಗೆದೂ ನೋಡ್ಲಿಲ್ಲ, ಇವರಿಗೆ ಅಂಥದ್ದೊಂದು ಇದೆ ಅಂತಾನೂ ಗೊತ್ತಿಲ್ಲ. ಏಜೆಂಟ್ ಹತ್ರ ಏನು ಬೇಕಾದ್ರೂ ಮಾಡಿಸ್ಕೊಳಿ, ಈಮೇಲ್ ಜಾಗದಲ್ಲಿ ಮಾತ್ರ ನಿಮ್ಮದೇ ಹಾಕಿಸಿ, ಇದನ್ನ ನಾನು ಎಷ್ಟು ಜನಕ್ಕೆ ಹೇಳಿದೀನೋ ಲೆಕ್ಕ ಇಲ್ಲ.

ಸರಿ, ಇವರು ಹೋದ್ರು, ಭಾವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು, ಕರ್ಕೊಂಡು ಬರೋದು, ಮಾತ್ರೆ ಕೊಡೋದು, ಸಂಜೆ ಹೊತ್ತು ಕೈ ಹಿಡ್ಕೊಂಡು ನಡೆಸೋದು. ಒಂದು ತಿಂಗಳಾಯ್ತು, ಎರಡಾಯ್ತು, ಮೂರು ದಾಟ್ತು. ವಾಪಸ್ ಟಿಕೆಟ್ ಮಾಡಿಸೋಣ ಅಂತ ಅಕ್ಕನ ಮಗಳು ಪಾಸ್‌ಪೋರ್ಟ್ ಇಸ್ಕೊಂಡು ನಂಬರ್ ಹೊಡೀತಾ ಇದ್ದೋಳು ಕೇಳಿದ್ಲಂತೆ, "ಮಾಮ, ನಿಮ್ಮ ಈ-ಪಾಸ್ ಎಲ್ಲಿ?" ಇವರು "ಅದೇನಮ್ಮ ಅದು?" ಅಂದ್ರಂತೆ. ಆ ಹುಡುಗಿ ಮುಖ ಬಿಳಿಚ್ಕೊಳ್ತಂತೆ. ರಾತ್ರಿ ಹನ್ನೊಂದಕ್ಕೆ ನನಗೆ ಫೋನು. "ಸರ್, ಸುಮ್ನೆ ಹೆದರಿಸ್ತಾ ಇದಾಳೆ, ವೀಸಾ ಇನ್ನೂ ಒಂದೂವರೆ ವರ್ಷ ಇದೆ ಅಲ್ವಾ?"

ನಾನು ಹೇಳಿದೆ, ವೀಸಾ ಪಕ್ಕಕ್ಕಿಡಿ, ಆ ಏಜೆಂಟ್‌ನ ಎಬ್ಬಿಸಿ, ಈಮೇಲ್ ಹುಡುಕಿಸಿ. ಹುಡುಕಿದ್ರು. 30 ದಿನ ಕೊಟ್ಟಿದ್ರು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ಮುಂದೆ ನಿಂತ್ಕೊಂಡು ಬೆರಳಲ್ಲಿ ಒಂದೊಂದೇ ದಿನ ಎಣಿಸಿದೆ, ಕೆಳಗಿಂದ ಮೇಲಕ್ಕೊಂದು ಸಲ, ಮೇಲಿಂದ ಕೆಳಕ್ಕೊಂದು ಸಲ. ಅವಧಿ ಮುಗಿದು 87 ದಿನ ಆಗಿತ್ತು. ಟಿಕೆಟ್ ನೋಡ್ತಾ ಇದ್ದಿದ್ದು ಇನ್ನು ಆರು ದಿನ ಬಿಟ್ಟು, ಯಾಕಂದ್ರೆ ಅವತ್ತು ಟಿಕೆಟ್ ಅಗ್ಗ.

ಈಗ ಕಾನೂನು ಕೇಳಿ. ಸಿಂಗಾಪುರದಲ್ಲಿ ಅವಧಿ ಮುಗಿದಮೇಲೆ 90 ದಿನದ ಒಳಗೆ ಸಿಕ್ಕಿದ್ರೆ 4,000 ಸಿಂಗಾಪುರ ಡಾಲರ್ ತನಕ ದಂಡ, ಇಲ್ಲಾ 6 ತಿಂಗಳ ತನಕ ಜೈಲು, ಇಲ್ಲಾ ಎರಡೂ. 90 ದಾಟ್ತು ಅಂದ್ರೆ ಜೈಲಿನ ಜೊತೆಗೆ ಬೆತ್ತದ ಏಟು, ಕಡಿಮೆ ಅಂದ್ರೆ 3. ಜಡ್ಜ್ ಪಾಪ ಅಂದ್ಕೊಂಡ್ರೂ ಮೂರಕ್ಕಿಂತ ಕಡಿಮೆ ಮಾಡೋಕಾಗಲ್ಲ. ಹೆಂಗಸರಿಗೆ ಬೆತ್ತ ಇಲ್ಲ, 50 ದಾಟಿದ ಗಂಡಸರಿಗೂ ಇಲ್ಲ, ಅವರಿಗೆ ಅದರ ಬದಲು 6,000 ಡಾಲರ್ ತನಕ ದಂಡ. ನಮ್ಮವರ ವಯಸ್ಸೆಷ್ಟು? ನಲವತ್ತೊಂಬತ್ತು! ಅಗ್ಗದ ಟಿಕೆಟ್‌ಗೆ ಕಾದಿದ್ರೆ 93ನೇ ದಿನ ಏರ್‌ಪೋರ್ಟಲ್ಲಿ ಸಿಕ್ಕಿಬೀಳ್ತಿದ್ರು.

ಬೆತ್ತ ಅಂದ್ರೆ ಸ್ಕೂಲಲ್ಲಿ ಮೇಷ್ಟ್ರು ಹಿಡ್ಕೊಳ್ತಿದ್ದ ಕಡ್ಡಿ ಅಂತ ತಿಳ್ಕೋಬೇಡಿ. ಸುಮಾರು ನಾಲ್ಕು ಅಡಿ ಉದ್ದ, ಒಂದೂಕಾಲು ಸೆಂಟಿಮೀಟರ್ ದಪ್ಪ, ನೀರಲ್ಲಿ ನೆನೆಸಿಟ್ಟಿರ್ತಾರೆ. ಮನುಷ್ಯನ್ನ ಮರದ ಚೌಕಟ್ಟಿಗೆ ಬಗ್ಗಿಸಿ ಕಟ್ಟಿ, ಬಟ್ಟೆ ಬಿಚ್ಚಿ, ತರಬೇತಿ ಆಗಿರೋ ಜೈಲು ಸಿಬ್ಬಂದಿ ಹೊಡೀತಾರೆ, ಪಕ್ಕದಲ್ಲಿ ಡಾಕ್ಟರ್ ನಿಂತಿರ್ತಾರೆ. ಚರ್ಮ ಕಿತ್ತು ಬರುತ್ತೆ. ಊಟದ ಹೊತ್ತಲ್ಲಿ ಕೇಳ್ತಾ ಇದ್ರೆ ಬೇಜಾರು ಮಾಡ್ಕೋಬೇಡಿ, ಆದ್ರೆ ಇದನ್ನ ಮೆತ್ತಗೆ ಹೇಳಿದ್ರೆ ಯಾರೂ ತಾರೀಖು ನೋಡಲ್ಲ. ಬೆತ್ತದ ಶಿಕ್ಷೆ ಅಲ್ಲಿಗೆ ತಂದಿದ್ದು ಬ್ರಿಟಿಷರು, ಅವರು ತಮ್ಮ ದೇಶದಲ್ಲಿ ಅದನ್ನ ಯಾವತ್ತೋ ಬಿಟ್ರು, ಸಿಂಗಾಪುರ ಇಟ್ಕೊಂಡು 1989ರಲ್ಲಿ ಇಮಿಗ್ರೇಶನ್ ತಪ್ಪಿಗೂ ಸೇರಿಸ್ತು.

ಆ ರಾತ್ರಿ ನಾನು ಹೇಳಿದ್ದು ಇಷ್ಟೇ, ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಇಮಿಗ್ರೇಶನ್ ಆಫೀಸ್ ಮುಂದೆ ಇರಿ, ನೀವಾಗೇ ಹೋಗಿ, ಸುಳ್ಳು ಒಂದಕ್ಷರ ಹೇಳಬೇಡಿ, ಭಾವನ ಆಸ್ಪತ್ರೆ ಕಾಗದ ಎಲ್ಲಾ ತಗೊಂಡು ಹೋಗಿ. ಹೋದ್ರು. ಪಾಸ್‌ಪೋರ್ಟ್ ಇಟ್ಕೊಂಡ್ರು, ಸ್ಪೆಷಲ್ ಪಾಸ್ ಅಂತ ಒಂದು ಕಾಗದ ಕೊಟ್ರು, ವಿಚಾರಣೆ ಮುಗಿಯೋ ತನಕ ಅದೇ ಇವರ ಗುರುತು. ಆ ಕೆಲವು ವಾರ ಮನುಷ್ಯ ಊಟ ಸೇರದೆ ಸೊರಗಿ ಹೋದ್ರು, ಆಪರೇಷನ್ ಆಗಿದ್ದ ಭಾವನೇ ಇವರಿಗೆ ಧೈರ್ಯ ಹೇಳೋ ಹಾಗಾಯ್ತು. ಕೊನೆಗೆ ದಂಡ ಕಟ್ಟಿಸ್ಕೊಂಡು ಕಳಿಸಿದ್ರು. ಜೈಲಿಲ್ಲ, ಬೆತ್ತ ಇಲ್ಲ. ಮೂರೇ ಮೂರು ದಿನದ ಅಂತರದಲ್ಲಿ ಪಾರಾದ್ರು.

ನೋಡಿ, ಗಾಜಿನ ಆಚೆಯಿಂದ ಕೈ ತೋರಿಸ್ತಿದಾರೆ, ಅರ್ಧಕ್ಕಿಂತ ಜಾಸ್ತಿ ಟೈಮ್ ಇದಕ್ಕೇ ಹೋಯ್ತು. ಇರಲಿ, ಉಳಿದಿದ್ದು ಬೇಗ ಬೇಗ ಹೇಳ್ತೀನಿ.

ಮಲೇಶಿಯಾ. ಪರ್ಮಿಟ್ ಇಲ್ಲದೆ ಒಳಗೆ ನುಗ್ಗಿದ್ರೆ 10,000 ರಿಂಗಿಟ್ ತನಕ ದಂಡ, 5 ವರ್ಷದ ತನಕ ಜೈಲು, 6 ಏಟಿನ ತನಕ ಬೆತ್ತ. ಥಾಯ್ಲೆಂಡ್ ನೋಡಕ್ಕೆ ಸೌಮ್ಯ, ಅವಧಿ ಮೀರಿ ಉಳಿದ್ರೆ ದಿನಕ್ಕೆ 500 ಬಾತ್ ದಂಡ, ಎಷ್ಟೇ ಆದ್ರೂ 20,000 ಬಾತ್‌ಗೆ ನಿಲ್ಲುತ್ತೆ, ಅದಕ್ಕೇ ಜನ ದಂಡ ಕಟ್ಟಿದ್ರಾಯ್ತು ಬಿಡು ಅಂತ ಇದ್ದುಬಿಡ್ತಾರೆ. ಆದ್ರೆ 2016ರಿಂದ ಅಲ್ಲಿ ಬೇರೆ ಲೆಕ್ಕ ಇದೆ, ದಾರೀಲಿ ಪೊಲೀಸರ ಕೈಗೆ ಸಿಕ್ಕಿದ್ರೆ 5 ವರ್ಷ ಆ ದೇಶಕ್ಕೆ ಕಾಲಿಡೋ ಹಾಗಿಲ್ಲ, ವರ್ಷಕ್ಕಿಂತ ಜಾಸ್ತಿ ಉಳಿದಿದ್ರೆ 10 ವರ್ಷ. ಇಂಡೋನೇಶಿಯಾದಲ್ಲಿ ದಿನಕ್ಕೆ 10 ಲಕ್ಷ ರುಪಯಾ, ಹೆದರ್ಕೋಬೇಡಿ, ಅವರ ದುಡ್ಡಲ್ಲಿ ಸೊನ್ನೆಗಳು ಜಾಸ್ತಿ, ಆದ್ರೆ 60 ದಿನ ದಾಟಿದ್ರೆ ದಂಡದ ಮಾತೇ ಇಲ್ಲ, ಗಡಿಪಾರು. ಜಪಾನಲ್ಲಿ 3 ವರ್ಷದ ತನಕ ಜೈಲು, 30 ಲಕ್ಷ ಯೆನ್ ತನಕ ದಂಡ.

ಅಮೆರಿಕ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ಅಲ್ಲಿ ಹತ್ತು ವರ್ಷದ ವೀಸಾ ಕೊಡ್ತಾರೆ, ಹತ್ತು ವರ್ಷ ಅಂದ ತಕ್ಷಣ ನಮ್ಮ ಹಿರಿಯರು ನಿಶ್ಚಿಂತೆಯಿಂದ ಕೂತುಬಿಡ್ತಾರೆ. ಅಲ್ಲಿ ನೋಡಬೇಕಾದ್ದು ಐ-94 ಅನ್ನೋ ದಾಖಲೆ, ಆನ್‌ಲೈನಲ್ಲೇ ಸಿಗುತ್ತೆ, ನಿಮ್ಮ ತಾರೀಖು ಅದರಲ್ಲಿರೋದು. ಅದನ್ನ ಒಂದು ದಿನ ದಾಟಿದ್ರೂ ಆ ಹತ್ತು ವರ್ಷದ ವೀಸಾ ರದ್ದು. ಆ ತಾರೀಖಿನ ಮೇಲೆ 180 ದಿನ ದಾಟಿ ಆಮೇಲೆ ಊರಿಗೆ ವಾಪಸ್ ಬಂದ್ರೆ 3 ವರ್ಷ ಬಾಗಿಲು ಮುಚ್ಚುತ್ತೆ, ಒಂದು ವರ್ಷ ಉಳಿದಿದ್ರೆ 10 ವರ್ಷ. 1996ರ ಕಾನೂನು ಇದು. ಮತ್ತೆ ಅದೇ ಹೇಳ್ತಿದೀನಿ ಅಂತ ಬೇಜಾರಾಗ್ತಿರಬಹುದು, ಆಗ್ಲಿ. ವೀಸಾ ಮೇಲಿನ ತಾರೀಖು ನೋಡಬೇಡಿ, ಒಳಗೆ ಬಿಟ್ಟಾಗ ಕೊಟ್ಟ ತಾರೀಖು ನೋಡಿ.

ಗಡಿ ಹತ್ರ ಓಡಾಡೋದು ಇನ್ನೊಂದು ತಲೆನೋವು. 2018ರಲ್ಲಿ ಫ್ರಾನ್ಸಿನ 19 ವರ್ಷದ ಹುಡುಗಿ, ಕೆನಡಾದಲ್ಲಿ ಅಮ್ಮನ ಹತ್ರ ಬಂದಿದ್ದೋಳು, ಸಂಜೆ ಸಮುದ್ರದ ದಡದಲ್ಲಿ ಓಡ್ತಾ ಓಡ್ತಾ ಗೊತ್ತಿಲ್ಲದೆ ಅಮೆರಿಕದೊಳಗೆ ಹೋಗಿಬಿಟ್ಲು, ಎರಡು ವಾರ ಕೂಡಿಹಾಕಿದ್ರು. ಅವಳಿಗೆ ಅಷ್ಟಕ್ಕೇ ಮುಗೀತು. 2009ರಲ್ಲಿ ಇರಾಕಿನ ಕುರ್ದಿಸ್ತಾನದಲ್ಲಿ ಜಲಪಾತ ನೋಡಕ್ಕೆ ಬೆಟ್ಟ ಹತ್ತಿದ ಮೂರು ಜನ ಅಮೆರಿಕನ್ನರನ್ನ ಇರಾನಿನವರು ಹಿಡಿದ್ರು, ಹುಡುಗಿಯನ್ನ ವರ್ಷದ ಮೇಲೆ ಬಿಟ್ರು, ಇಬ್ಬರು ಹುಡುಗರಿಗೆ ಗೂಢಚಾರಿಕೆ ಅಂತ 5 ವರ್ಷ, ಅಕ್ರಮ ಪ್ರವೇಶ ಅಂತ 3 ವರ್ಷ, ಒಟ್ಟು ಎಂಟು ವರ್ಷ ಶಿಕ್ಷೆ ಹಾಕಿದ್ರು. ಬಿಡುಗಡೆ ಆಗೋ ಹೊತ್ತಿಗೆ ಎರಡು ವರ್ಷ ಕಳೆದಿತ್ತು.

ಕೊನೇದು ರಾಯಭಾರ ಕಚೇರಿ. "ಎಂಬಸಿ ಇದೆಯಲ್ಲ ಸರ್, ಬಿಡಿಸ್ಕೊಂಡು ಬರ್ತಾರೆ" ಅಂತಾರೆ. ಬರಲ್ಲ. 1963ರ ವಿಯೆನ್ನಾ ಒಪ್ಪಂದದಲ್ಲಿ ನಿಮಗಿರೋ ಹಕ್ಕು ಏನಪ್ಪಾ ಅಂದ್ರೆ, ನಮ್ಮ ದೇಶದ ಕಾನ್ಸುಲರ್ ಆಫೀಸಿಗೆ ತಿಳಿಸಿ ಅಂತ ಕೇಳಬಹುದು, ಅವರು ಬಂದು ನೋಡಿ ಮಾತಾಡಿಸಬಹುದು, ವಕೀಲರನ್ನ ಹುಡುಕಿಕೊಡಬಹುದು. ಜೈಲಿನ ಬೀಗ ತೆಗೆಯೋ ಅಧಿಕಾರ ಅವರಿಗಿಲ್ಲ. 1994ರಲ್ಲಿ ಸಿಂಗಾಪುರದಲ್ಲಿ ಕಾರುಗಳಿಗೆ ಬಣ್ಣ ಎರಚಿದ ಅಮೆರಿಕದ ಹುಡುಗನಿಗೆ 6 ಏಟು ಅಂತ ತೀರ್ಪಾಗಿತ್ತು, ಇಮಿಗ್ರೇಶನ್ ಕೇಸಲ್ಲ ಅದು, ಆದ್ರೂ ಹೇಳ್ತೀನಿ. ಹೊಡೀಬೇಡಿ ಅಂತ ಕೇಳಿದ್ದು ಯಾರು? ಅಧ್ಯಕ್ಷ ಕ್ಲಿಂಟನ್. ಕಡಿಮೆ ಆಗಿದ್ದು ಎಷ್ಟು? ಎರಡೇಟು. ನಾಲ್ಕು ಬಿತ್ತು.

ಮುಗಿಸಿ ಅಂತಿದಾರೆ, ಮುಗಿಸ್ತೀನಿ. ನಮ್ಮ ಆ ನಲವತ್ತೊಂಬತ್ತು ವರ್ಷದವರು ಮೊನ್ನೆ ಫೋನ್ ಮಾಡಿದ್ರು. ಈ-ಪಾಸ್ ಎಲ್ಲಿ ಅಂತ ಕೇಳಿದ್ಲಲ್ಲ ಅಕ್ಕನ ಮಗಳು, ಅವಳಿಗೆ ಮದುವೆ ಗೊತ್ತಾಗಿದೆಯಂತೆ, ಸಿಂಗಾಪುರದಲ್ಲೇ. "ವೀಸಾಕ್ಕೆ ಮತ್ತೆ ಅರ್ಜಿ ಹಾಕ್ಲಾ ಸರ್, ಕೊಡ್ತಾರಾ?" ಅಂದ್ರು. ಹಳೇ ಕೇಸನ್ನ ಮುಚ್ಚಿಡದೆ ಬರೀರಿ, ಹಾಕಿ ನೋಡೋಣ ಅಂದೆ. ಮದುವೆಗಿನ್ನೂ ನಾಲ್ಕು ತಿಂಗಳಿದೆ. ಈ ಸಲ ಅರೈವಲ್ ಕಾರ್ಡ್ ನಾನೇ ಪಕ್ಕದಲ್ಲಿ ಕೂತ್ಕೊಂಡು ತುಂಬಿಸ್ತೀನಿ. ನಮಸ್ಕಾರ.