ಉಳ್ಳಾಗಡ್ಡಿಯ ಬಣ್ಣ ನೀರಿಗೆ, ಬ್ಯಾಡಗಿಯ ಬಣ್ಣ ಎಣ್ಣೆಗೆ

ಕೇಳುಗರಿಗೆ ನಮಸ್ಕಾರ.

ಹೆಚ್ಚಿದ ಕೆಂಪು ಉಳ್ಳಾಗಡ್ಡಿಯನ್ನು ಕುದಿಯುವ ನೀರಿಗೆ ಹಾಕಿದರೆ ನೀರು ನಸುಗೆಂಪಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಪುಡಿಯನ್ನು ನೀರಿನಲ್ಲಿ ಕದಡಿ ಬಿಡಿ. ಪುಡಿ ತಳಕ್ಕೆ ಕೂರುತ್ತದೆ, ಕೆಂಪೆಲ್ಲ ಪುಡಿಯಲ್ಲೇ ಉಳಿಯುತ್ತದೆ. ಅದೇ ಪುಡಿಯನ್ನು ಬೆಚ್ಚಗಿನ ಎಣ್ಣೆಗೆ ಹಾಕಿದರೆ ಎಣ್ಣೆ ಕೆಂಪಗೆ ಹೊಳೆಯುತ್ತದೆ. ಒಗ್ಗರಣೆ ಹಾಕುವ ಎಲ್ಲರಿಗೂ ಇದು ಗೊತ್ತು. ಜೀವಕೋಶದ ರಸಾಯನಶಾಸ್ತ್ರದ ಅರ್ಧ ಭಾಗ ಇಲ್ಲೇ ಇದೆ.

ಉಳ್ಳಾಗಡ್ಡಿಯ ಬಣ್ಣ ಆಂಥೋಸಯನಿನ್. ಅದರ ಅಣುವಿಗೆ ಸಕ್ಕರೆಯ ತುಣುಕು ಅಂಟಿಕೊಂಡಿರುವುದರಿಂದ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಕೋಶದೊಳಗೆ ಅದು ಇರುವುದು ರಸದಾನಿ ಎಂಬ ನೀರಿನ ಚೀಲದಲ್ಲಿ. ಬ್ಯಾಡಗಿಯ ಬಣ್ಣ ಕ್ಯಾಪ್ಸಾಂಥಿನ್. ಅದು 40 ಇಂಗಾಲದ ಪರಮಾಣುಗಳ ಉದ್ದನೆಯ ಅಣು, ಜಿಡ್ಡಿಗೆ ಒಲಿಯುತ್ತದೆ, ನೀರಿಗೆ ಒಲ್ಲೆ ಎನ್ನುತ್ತದೆ. ಎಣ್ಣೆ ಹೊಗೆಯಾಡುವಷ್ಟು ಕಾದಿದ್ದರೆ ಮಾತ್ರ ಪುಡಿ ಸೀದು ಬಣ್ಣ ಕಪ್ಪಾಗುತ್ತದೆ.

ಕೋಶದ ಒಳಗೂ ನೀರು, ಹೊರಗೂ ನೀರು. ನಡುವೆ ಇರುವ ಪೊರೆ ಮಾತ್ರ ಜಿಡ್ಡಿನದು. 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ರಕ್ತದ ಕೆಂಪುಕಣಗಳಿಂದ ಜಿಡ್ಡನ್ನು ತೆಗೆದು, ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಅದು ಹರಡಿದ ಜಾಗ ಕಣಗಳ ಮೈಯಳತೆಗಿಂತ ಸುಮಾರು ಎರಡು ಪಟ್ಟಾಯಿತು. ಪೊರೆಗೆ ಎರಡು ಪದರ ಎಂದು ಆಗ ಹೊಳೆಯಿತು. ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಪೊರೆಯ ದಪ್ಪ ಅದರಲ್ಲಿ ಏಳೆಂಟು ಭಾಗವಷ್ಟೆ. ಉಪ್ಪಿನ ಕಣಗಳಿಗೆ, ಸಕ್ಕರೆಗೆ ಈ ಜಿಡ್ಡನ್ನು ದಾಟುವುದು ಕಷ್ಟ. ನೀರಿಗೆ ಮಾತ್ರ ಹಲವು ಕೋಶಗಳಲ್ಲಿ ಪ್ರತ್ಯೇಕ ದಾರಿಯಿದೆ. ಅಕ್ವಾಪೊರಿನ್ ಎಂಬ ಆ ಪ್ರೋಟೀನ್ ಕೊಳವೆಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಇದನ್ನು ಕಣ್ಣಾರೆ ನೋಡಬೇಕೆಂದರೆ ಪ್ರೌಢಶಾಲೆಯ ಸೂಕ್ಷ್ಮದರ್ಶಕವೇ ಸಾಕು. ಗದಗ, ನವಲಗುಂದದ ಕಡೆಯ ಕೆಂಪು ಉಳ್ಳಾಗಡ್ಡಿ ತಗೊಳ್ಳಿ, ಬಿಳಿಯದು ಬೇಡ. ಮೇಲಿನ ಒಣ ಸಿಪ್ಪೆಯ ಕೋಶಗಳು ಸತ್ತಿರುತ್ತವೆ, ಅದನ್ನು ತೆಗೆದುಹಾಕಿ. ಅದರ ಕೆಳಗಿನ ರಸಭರಿತ ಪದರದ ಹೊರಮೈಯಲ್ಲಿ ಬಣ್ಣದ ತೆಳು ಚರ್ಮ ಇರುತ್ತದೆ. ಬ್ಲೇಡಿನಿಂದ ಅರ್ಧ ಸೆಂಟಿಮೀಟರಿನ ಚೌಕ ಗೀರಿ, ಚಿಮಟದಿಂದ ಎಬ್ಬಿಸಿ, ಸ್ಲೈಡಿನ ಮೇಲಿನ ನೀರಿನ ಹನಿಗೆ ಮಡಿಕೆ ಬೀಳದಂತೆ ಇಡಿ. ಕವರ್ ಸ್ಲಿಪ್ಪನ್ನು ಒಂದು ಅಂಚಿನಿಂದ ಓರೆಯಾಗಿ, ನಿಧಾನಕ್ಕೆ ಇಳಿಸಿ. ಧಡಕ್ಕನೆ ಇಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತವೆ. ದಪ್ಪ ಕಪ್ಪು ಅಂಚಿನ ಆ ಉರುಟುಗಳನ್ನೇ ಮಕ್ಕಳು ಜೀವಕೋಶವೆಂದು ಚಿತ್ರ ಬರೆಯುವುದುಂಟು.

ಈಗ 100 ಮಿಲಿಲೀಟರ್ ನೀರಿಗೆ 5 ಗ್ರಾಂ ಉಪ್ಪು, ಅಂದರೆ ಅಂದಾಜು ಒಂದು ಸಮ ಚಹಾ ಚಮಚ, ಕರಗಿಸಿ. ಕವರ್ ಸ್ಲಿಪ್ಪಿನ ಒಂದು ಬದಿಗೆ ಎರಡು ಹನಿ ಬಿಟ್ಟು, ಇನ್ನೊಂದು ಬದಿಯಿಂದ ಬ್ಲಾಟಿಂಗ್ ಪೇಪರಿನಲ್ಲಿ ಹೀರಿ. ಕೆಲವೇ ನಿಮಿಷಗಳಲ್ಲಿ ಕೋಶದ ಮೂಲೆಗಳಿಂದ ಬಣ್ಣ ಹಿಂದೆ ಸರಿಯತೊಡಗುತ್ತದೆ. ಪೊರೆಯ ಹೊರಗಿರುವ ಗಟ್ಟಿ ಗೋಡೆ ಇದ್ದಲ್ಲೇ ಇರುತ್ತದೆ, ಒಳಗಿನ ಚೀಲ ಕುಗ್ಗುತ್ತದೆ. ಹೊರಗೆ ಉಪ್ಪು ಹೆಚ್ಚಾದ್ದರಿಂದ ಒಳಗಿನ ನೀರು ಹೊರಕ್ಕೆ ಹರಿಯಿತು. ಇದೇ ಅಭಿಸರಣೆ. ಬಣ್ಣ ಮಾತ್ರ ಹೊರಬರಲಿಲ್ಲ, ಪೊರೆ ತಡೆಯಿತು. ಅದೇ ರೀತಿ ಸಾದಾ ನೀರು ಹಾಯಿಸಿದರೆ ಚೀಲ ಮತ್ತೆ ಉಬ್ಬಿ ಗೋಡೆಗೆ ತಾಗುತ್ತದೆ.

ಉಬ್ಬಲಿಲ್ಲವೇ? ಉಪ್ಪು ತೀರಾ ಜಾಸ್ತಿಯಾಗಿತ್ತು, ಇಲ್ಲವೇ ಬಹಳ ಹೊತ್ತು ಬಿಟ್ಟಿರಿ. ಕೋಶ ಸತ್ತಿದೆ. ಸಾಮಾನ್ಯವಾಗಿ ಶಾಲೆಯಲ್ಲಿ ಮೊದಲೇ ಅಯೋಡಿನ್ ಹಾಕಿಸುತ್ತಾರೆ. ಕೋಶಕೇಂದ್ರ ತೋರಿಸಲು ಅದು ಒಳ್ಳೆಯದೇ. ಆದರೆ ಅಯೋಡಿನ್ ಬಿದ್ದ ಕೋಶ ಸಾಯುತ್ತದೆ, ಅದರಲ್ಲಿ ಈ ಪ್ರಯೋಗ ನಡೆಯುವುದಿಲ್ಲ. ನನ್ನನ್ನು ಕೇಳಿದರೆ ಮೊದಲ ದಿನ ಬದುಕಿರುವ ಕೋಶವನ್ನೇ ತೋರಿಸಬೇಕು.

ಕುದಿಯುವ ನೀರಿನಲ್ಲಿ ಬಣ್ಣ ಹೊರಬರುವುದೇಕೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಆ ಬಿಸಿಗೆ ಪೊರೆ ಹಾಳಾಗುತ್ತದೆ, ತಡೆಯುವವರಿಲ್ಲ. ಸವತಿಕಾಯಿ ಪಚಡಿಗೆ ಉಪ್ಪನ್ನು ಊಟದ ಹೊತ್ತಿಗೆ ಹಾಕುವುದು, ಉಪ್ಪಿನಕಾಯಿಗೆ ಧಾರಾಳವಾಗಿ ಸುರಿಯುವುದು, ಎರಡಕ್ಕೂ ಅಭಿಸರಣೆಯೇ ಕಾರಣ.

ನಮ್ಮ ಕರುಳಿನಲ್ಲಿ ಈ ಲೆಕ್ಕ ತಪ್ಪಿದರೆ ಜೀವಕ್ಕೇ ಬರುತ್ತದೆ. ವಾಂತಿ-ಭೇದಿಯಾದಾಗ ಬರೀ ನೀರು ಕುಡಿದರೆ ಸಾಲದು, ಹೋದ ಉಪ್ಪು ಮರಳಿ ಬರುವುದಿಲ್ಲ. ಕರುಳಿನ ಕೋಶಗಳ ಪೊರೆಯಲ್ಲಿ ಒಂದು ಪ್ರೋಟೀನ್ ಬಾಗಿಲಿದೆ. ಸೋಡಿಯಂ ಮತ್ತು ಗ್ಲುಕೋಸ್ ಜೊತೆಯಾಗಿ ಬಂದರಷ್ಟೇ ಅದು ಒಳಗೆ ಬಿಟ್ಟುಕೊಳ್ಳುತ್ತದೆ, ಒಂದು ಗ್ಲುಕೋಸಿಗೆ ಎರಡು ಸೋಡಿಯಂ. ಅವುಗಳ ಬೆನ್ನಿಗೆ ನೀರೂ ಒಳಗೆ ಬರುತ್ತದೆ. ಕಾಲರಾ ಬಂದಾಗಲೂ ಈ ಬಾಗಿಲು ಕೆಲಸ ಮಾಡುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲುಕೋಸಿನ ನೀರನ್ನೇ ಕುಡಿಸಿ, ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವನ್ನು 4ರ ಒಳಗೆ ಇಳಿಸಿದರು.

ಆ ಉಪ್ಪು-ಗ್ಲುಕೋಸಿನ ಪುಡಿಯೇ ಈಗಿನ ಓ.ಆರ್.ಎಸ್. ಅದರ ದೊಡ್ಡ ಪೊಟ್ಟಣ 20.5 ಗ್ರಾಂ, ಪೂರ್ತಿ ಒಂದು ಲೀಟರ್ ನೀರಿಗೆ. ರುಚಿ ಗಟ್ಟಿಯಾಗಿರಲೆಂದು ಒಂದೇ ಲೋಟದಲ್ಲಿ ಕರಗಿಸಿದರೆ ಉಳ್ಳಾಗಡ್ಡಿಗೆ ಆದದ್ದೇ ಆಗುತ್ತದೆ: ನೀರು ಮೈಯಿಂದ ಕರುಳಿಗೆ ಹರಿದು ಭೇದಿ ಹೆಚ್ಚುತ್ತದೆ. ಅಂಗಡಿಯ ಸಿಹಿ ಪಾನೀಯದಿಂದಲೂ ಅದೇ ತೊಂದರೆ, ಸಕ್ಕರೆ ಜಾಸ್ತಿ. ಸಣ್ಣ ಪೊಟ್ಟಣಗಳೂ ಬರುತ್ತವೆ, ಎಷ್ಟು ನೀರಿಗೆ ಎಂದು ಮೇಲೆ ಬರೆದಿರುತ್ತದೆ, ಓದಿಕೊಳ್ಳಿ. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಹಾ ಚಮಚ ಉಪ್ಪು. ಗುಪ್ಪೆ ಚಮಚ ಬೇಡ. ಕರಗಿಸಿದ ಮೇಲೆ ಕುದಿಸಬೇಡಿ, 24 ತಾಸಿನ ನಂತರ ಉಳಿದದ್ದನ್ನು ಚೆಲ್ಲಿ. ಕೂಸಿಗೆ ಚಮಚದಿಂದ ಸ್ವಲ್ಪಸ್ವಲ್ಪವೇ ಕುಡಿಸಿ. ವಾಂತಿ ಮಾಡಿದರೆ 10 ನಿಮಿಷ ತಡೆದು, ಇನ್ನೂ ನಿಧಾನವಾಗಿ ಕೊಡಿ. ಕುಡಿಯಲಾಗದಷ್ಟು ಮಂಕಾಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲೂ, ಕೂಸು ಎಚ್ಚರವಿದ್ದು ಕುಡಿಯುವಂತಿದ್ದರೆ, ಈ ನೀರು ಕೊಡುತ್ತಲೇ ಇರಿ.