ಬ್ರಿಡ್ಜ್ ಕಳಕೊಂಡ ಹಾಡುಗಳು

ಕೇಳುಗರಿಗೆ ನಮಸ್ಕಾರ. ಕೆ-ಪಾಪ್ ಹುಡುಗಿಯರ ತಂಡಗಳು ಅಂದ ಕೂಡಲೇ ಬಣ್ಣದ ಕೂದಲು, ಬಟ್ಟೆ, ಕುಣಿತದ ಮಾತೇ ಮೊದಲು ಬರುತ್ತೆ. ಇವತ್ತು ಅದನ್ನೆಲ್ಲ ಪಕ್ಕಕ್ಕಿಟ್ಟು ಹಾಡನ್ನಷ್ಟೇ ಹಿಡಿದು ಮಾತಾಡೋಣ. ಅಭಿಮಾನಿಯಾಗಿ ನನ್ನದು ಒಂದೇ ತಕರಾರು. ಈಚಿನ ವರ್ಷಗಳಲ್ಲಿ ಈ ಹಾಡುಗಳಿಂದ, ಕೊನೆಯ ಕೋರಸ್‌ಗೆ ಮುಂಚೆ ಬರೋ ಬ್ರಿಡ್ಜ್ ಅನ್ನೋ ಭಾಗವನ್ನು ಕತ್ತರಿಸಿ ಹಾಕ್ತಾ ಇದ್ದಾರೆ. ಅದರ ಜೊತೆಗೇ ತಂಡದ ಒಳ್ಳೆಯ ಗಾಯಕಿಯ ಪಾಲೂ ಹೋಗ್ತಾ ಇದೆ.

ನಮ್ಮ ಸಿನಿಮಾ ಹಾಡಿನಲ್ಲಿ ಪಲ್ಲವಿ ಮೊದಲೇ ಬಂದುಬಿಡುತ್ತೆ, ಚರಣ ಆಮೇಲೆ. ಕೊರಿಯಾದ ಪಾಪ್ ಹಾಡಿನಲ್ಲಿ ಸಾಮಾನ್ಯವಾಗಿ ಇದು ಉಲ್ಟಾ. ಮೊದಲು ವರ್ಸ್, ಅಂದರೆ ನಮ್ಮ ಚರಣದ ಹಾಗೆ, ತಗ್ಗಿದ ದನಿಯಲ್ಲಿ. ಆಮೇಲೆ ಪ್ರೀ-ಕೋರಸ್. ಇಲ್ಲಿ ರಾಗ ಮೇಲಕ್ಕೆ ಹತ್ತುತ್ತೆ, ಡ್ರಮ್ ತೆಳುವಾಗುತ್ತೆ, ಕೆಲವೊಮ್ಮೆ ಒಂದು ಕ್ಷಣ ಪೂರ್ತಿ ನಿಂತೇ ಹೋಗುತ್ತೆ. ಆಗ ಕೋರಸ್, ಅಂದರೆ ಪಲ್ಲವಿ, ಬಂದು ಬೀಳುತ್ತೆ. ಇದೇ ಸುತ್ತು ಇನ್ನೊಂದು ಸಲ. ಎರಡನೇ ಕೋರಸ್ ಮುಗಿದ ಮೇಲೆ ಬರೋದು ಬ್ರಿಡ್ಜ್: ಅಲ್ಲಿಯವರೆಗೆ ಹಾಡಿನಲ್ಲಿ ಎಲ್ಲೂ ಕೇಳದ ರಾಗ, ಹಿಂದೆ ಒಟ್ಟಿಗೆ ನುಡಿಸೋ ಸ್ವರಗುಂಪುಗಳೂ (ಕಾರ್ಡ್) ಬೇರೆ, ಉದ್ದ ಸಾಮಾನ್ಯವಾಗಿ ಎಂಟು ಬಾರ್, ಅಂದರೆ ತಾಳದ ಎಂಟು ಸುತ್ತು. ಅದರ ತುದಿಯಲ್ಲಿ ಮುಖ್ಯ ಗಾಯಕಿ ಎತ್ತರದ ಸ್ವರವೊಂದನ್ನು ಹಿಡಿದು ನಿಲ್ತಾಳೆ. ಆ ಸ್ವರದ ಕೆಳಗೇ ಕೊನೆಯ ಕೋರಸ್ ಶುರುವಾಗುತ್ತೆ, ಮಿಕ್ಕವರು ಅದನ್ನು ಹಾಡ್ತಿದ್ದರೆ ಅವಳು ಮೇಲಿನಿಂದ ಆಡ್-ಲಿಬ್, ಅಂದರೆ ತನ್ನದೇ ಬಿಡಿ ಎಳೆಗಳನ್ನು, ಹಾಕ್ತಾ ಹೋಗ್ತಾಳೆ. ಮೂರನೇ ಸಲ ಅದೇ ಕೋರಸ್ ಬಂದರೂ ಬೇಜಾರಾಗದೇ ಇರೋದಕ್ಕೆ ಕಾರಣ ಇಷ್ಟೇ.

ಗರ್ಲ್ಸ್ ಜನರೇಷನ್ ತಂಡ 2007ರ ಆಗಸ್ಟ್‌ನಲ್ಲಿ ಹೊರಬಂದದ್ದು 'ಇಂಟು ದ ನ್ಯೂ ವರ್ಲ್ಡ್' ಹಾಡಿನಿಂದ. ನಾಲ್ಕು ನಿಮಿಷಕ್ಕೂ ಮೀರಿದ ಹಾಡು, ರಾಗ ಕೆಂಜಿಯವರದು. ಈ ಹಾಡಿಗೆ ಎರಡನೇ ಆಯುಸ್ಸು ಸಿಕ್ಕಿದ್ದು 2016ರಲ್ಲಿ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಇಹ್ವಾ ಮಹಿಳಾ ವಿಶ್ವವಿದ್ಯಾಲಯದಲ್ಲಿ ಧರಣಿ ಕೂತ ವಿದ್ಯಾರ್ಥಿನಿಯರು ಪೊಲೀಸರ ಎದುರು ಕೈ ಕೈ ಹಿಡಿದು ಇದನ್ನು ಹಾಡಿದರು. 2024ರ ಡಿಸೆಂಬರ್‌ನಲ್ಲಿ ಸೇನಾಡಳಿತ ಘೋಷಣೆಯ ವಿರುದ್ಧ ಬೀದಿಗಿಳಿದವರೂ ಲೈಟ್‌ಸ್ಟಿಕ್ (ಅಭಿಮಾನಿಗಳು ಕೈಯಲ್ಲಿ ಹಿಡಿಯೋ ದೀಪದ ಕೋಲು) ಎತ್ತಿ ಹಾಡಿದ್ದು ಇದನ್ನೇ. ಗುಂಪು ಹಾಡೋಕೆ ಇದು ಒಗ್ಗಿದ್ದು ಯಾಕೆ ಅಂದರೆ, ಕೋರಸ್‌ನ ರಾಗ ಉದ್ದುದ್ದ ಸ್ವರಗಳದು, ಉಸಿರು ತಗೊಳ್ಳೋಕೆ ಜಾಗ ಇದೆ. ಅದೇ ತಂಡದ, 2009ರ ಜನವರಿಯ 'ಜೀ' ಹಾಡನ್ನು ಮೆರವಣಿಗೆಯಲ್ಲಿ ಹಾಡೋಕೆ ಆಗಲ್ಲ. ಅದು ಒಂದೇ ಪದವನ್ನು ಬಡಿದು ಬಡಿದು ಕಿವಿಯಲ್ಲಿ ಕೂರಿಸೋ ಹುಕ್ ಸಾಂಗ್. ಕೊರಿಯಾದ ಕೆಬಿಎಸ್ ಟಿವಿಯ ಮ್ಯೂಸಿಕ್ ಬ್ಯಾಂಕ್ ಕಾರ್ಯಕ್ರಮದಲ್ಲಿ ಸತತ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಅಷ್ಟೊಂದು ಪುನರಾವರ್ತನೆ ಇದ್ದೂ ಹಾಡು ಉಳಿದದ್ದು ನಡುವೆ ಒಂದು ಬ್ರಿಡ್ಜ್ ಇದ್ದದ್ದರಿಂದ ಅನ್ನೋದು ನನ್ನ ವಾದ.

ಈಗ ಪಾಲಿನ ಲೆಕ್ಕ, ಅಂದರೆ ಹಾಡಿನಲ್ಲಿ ಯಾರಿಗೆ ಎಷ್ಟು ಸಾಲು ಅನ್ನೋದು. ಅಭಿಮಾನಿಗಳ ನಡುವೆ ಅತಿ ಹೆಚ್ಚು ಜಗಳ ಆಗೋದು ಇದಕ್ಕೇ. ಹಾಡು ಮೂರೂವರೆ ನಿಮಿಷ ಅಂದುಕೊಳ್ಳಿ, 210 ಸೆಕೆಂಡು. ಟ್ವೈಸ್ ತಂಡದಲ್ಲಿ ಒಂಬತ್ತು ಜನ, ಸಮನಾಗಿ ಹಂಚಿದರೂ ತಲೆಗೆ 23 ಸೆಕೆಂಡು. ಬ್ಲ್ಯಾಕ್‌ಪಿಂಕ್‌ನಲ್ಲಿ ನಾಲ್ವರು, ತಲೆಗೆ 52. ಇದರಲ್ಲಿ ಶುರುವಿನ ವಾದ್ಯ, ಎಲ್ಲರೂ ಸೇರಿ ಹಾಡೋ ಭಾಗ, ಡಾನ್ಸ್ ಬ್ರೇಕ್ ಕಳೆದರೆ ಒಂಬತ್ತು ಜನರ ತಂಡದಲ್ಲಿ ಕೊನೆಯವಳಿಗೆ ಉಳಿಯೋದು ಹತ್ತು ಸೆಕೆಂಡೂ ಇರಲ್ಲ. ಸ್ಟಾಪ್‌ವಾಚ್ ಹಿಡಿದು ಸಾಲು ಲೆಕ್ಕ ಹಾಕೋರು ಮಾಡೋ ತಪ್ಪು ಏನಂದರೆ, ಎಷ್ಟು ಸೆಕೆಂಡು ಅಂತ ನೋಡ್ತಾರೆ, ಯಾವ ಸೆಕೆಂಡು ಅಂತ ನೋಡಲ್ಲ. 2016ರ 'ಚಿಯರ್ ಅಪ್' ಹಾಡಿನಲ್ಲಿ ಸಾನಾಗೆ ಸಿಕ್ಕ ಆ 'ಶೈ ಶೈ ಶೈ' ಎರಡು ಮೂರು ಸೆಕೆಂಡಿನದು. ಆ ವರ್ಷ ಕೊರಿಯಾ ಪೂರ್ತಿ ನೆನಪಿಟ್ಟುಕೊಂಡದ್ದು ಅದನ್ನೇ. ಇದಕ್ಕೆ ಅಲ್ಲಿ ಕಿಲ್ಲಿಂಗ್ ಪಾರ್ಟ್ ಅಂತಾರೆ. ದನಿ ಅಷ್ಟೇನೂ ಗಟ್ಟಿ ಇಲ್ಲದವಳಿಗೆ ಕಿಲ್ಲಿಂಗ್ ಪಾರ್ಟ್, ದನಿ ಇರೋಳಿಗೆ ಬ್ರಿಡ್ಜ್: ಹಳೆಯ ಹಂಚಿಕೆ ಹೀಗಿತ್ತು, ನ್ಯಾಯವಾಗಿಯೇ ಇತ್ತು. ಬ್ರಿಡ್ಜ್ ತೆಗೆದಿರೋ, ಎರಡನೆಯವಳ ಪಾಲು ಕೊಡೋಕೆ ಜಾಗವೇ ಇಲ್ಲ.

ಹಾಗಾದರೆ ತೆಗೆದದ್ದು ಯಾಕೆ? ಸ್ಟ್ರೀಮಿಂಗ್. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಎಣಿಕೆ. ಹಾಡು ಎರಡೂವರೆ ನಿಮಿಷದ್ದಾದರೂ ನಾಲ್ಕೂವರೆಯದ್ದಾದರೂ ಎಣಿಕೆ ಒಂದೇ. ಚಿಕ್ಕ ಹಾಡನ್ನು ಗಂಟೆಗೆ ಹೆಚ್ಚು ಸಲ ಓಡಿಸಬಹುದು. ಮೇಲೆ ಕುಣಿತವನ್ನು ಅನುಕರಿಸೋ ಕಿರುವಿಡಿಯೋದ ಚಾಲೆಂಜ್ ಬೇರೆ, ಅದಕ್ಕೆ ಬೇಕಾಗಿರೋದು ಕೋರಸ್‌ನ ಹದಿನೈದು ಸೆಕೆಂಡು ಮಾತ್ರ. ಹೊಸ ರಾಗ ತರೋ ಬ್ರಿಡ್ಜ್ ಆ ಲೆಕ್ಕದಲ್ಲಿ ಬರೀ ಖರ್ಚು. ಲೆ ಸೆರಾಫಿಮ್ ತಂಡದ 2022ರ 'ಫಿಯರ್‌ಲೆಸ್' 2 ನಿಮಿಷ 48 ಸೆಕೆಂಡು. ನ್ಯೂಜೀನ್ಸ್ ತಂಡದ 2023ರ 'ಸೂಪರ್ ಶೈ' 2 ನಿಮಿಷ 34 ಸೆಕೆಂಡು.

ನ್ಯೂಜೀನ್ಸ್ ಬಗ್ಗೆ ಮಾತ್ರ ನನ್ನ ತಕರಾರು ಕುಂಟುತ್ತೆ, ಒಪ್ಪಿಕೊಳ್ತೀನಿ. 2022ರ ಡಿಸೆಂಬರ್‌ನ 'ಡಿಟ್ಟೋ' ಕೇಳಿ. ಕೆಳಗೆ ಬಾಲ್ಟಿಮೋರ್ ಕ್ಲಬ್ ಅನ್ನೋ ಅಮೆರಿಕದ ನೃತ್ಯಸಂಗೀತ ಶೈಲಿಯ ಚುರುಕು ಡ್ರಮ್, ಮೇಲೆ ಮೆಲ್ಲಗೆ ಗುನುಗೋ ದನಿ. ಕೆಳಗಿನದು ಓಡ್ತಿರುತ್ತೆ, ಮೇಲಿನದು ನಿಂತ ಹಾಗಿರುತ್ತೆ. ಇಲ್ಲಿ ಯಾರೂ ಎತ್ತರದ ಸ್ವರಕ್ಕೆ ಹೋಗಬೇಕಾಗಿಲ್ಲ, ಹೋದರೆ ಹಾಡೇ ಕೆಡುತ್ತೆ. ಹೀಗೆ ಮೊದಲಿನಿಂದಲೇ ಚಿಕ್ಕದಾಗಿ ಕಟ್ಟಿದ ಹಾಡು ಬೇರೆ, ದೊಡ್ಡ ಹಾಡು ಬರೆದು ನಡು ಕತ್ತರಿಸಿದ್ದು ಬೇರೆ. ಎರಡನೆಯದನ್ನು ಪತ್ತೆ ಹಚ್ಚೋದು ಸುಲಭ: ಎರಡನೇ ಕೋರಸ್ ಮುಗೀತಾ ಇದ್ದ ಹಾಗೆ ಒಂದು ತಾಳವಾದ್ಯದ ತುಂಡು ಬಂದು, ಅದೇ ಕೋರಸ್ ಏನೂ ಬದಲಾಗದೆ ಮತ್ತೆ ಬಂದು, ಹಾಡು ದಿಢೀರನೆ ನಿಲ್ಲುತ್ತೆ.

ನನ್ನ ಲೆಕ್ಕದಲ್ಲಿ ಎಲ್ಲ ಸರಿಯಾಗಿ ಕೂಡಿಬಂದ ಹಾಡು ರೆಡ್ ವೆಲ್ವೆಟ್ ತಂಡದ 'ಸೈಕೋ', 2019ರ ಡಿಸೆಂಬರ್‌ನದು. ತಂತಿಗಳನ್ನು ಬೆರಳಿನಿಂದ ಮೀಟೋ ಸದ್ದಿನಿಂದ ಶುರುವಾಗುತ್ತೆ, ಕೆಳಗೆ ಟ್ರ್ಯಾಪ್ ಅನ್ನೋ ಹಿಪ್-ಹಾಪ್ ಶೈಲಿಯ ಭಾರವಾದ ಬೀಟ್ ಸೇರಿಕೊಳ್ಳುತ್ತೆ. ಐದು ದನಿಗಳನ್ನು ಪದರ ಪದರವಾಗಿ ಹೊಂದಿಸಿದ್ದಾರೆ. ಮೊದಲ ಸಲ ಬರೀ ಮುಖ್ಯ ರಾಗ ಕೇಳಿ. ಎರಡನೇ ಸಲ ಅದರ ಹಿಂದೆ ಎಡಬಲಗಳಲ್ಲಿ ಹರಡಿರೋ ಹಾರ್ಮನಿ, ಅಂದರೆ ಜೊತೆಗೆ ಬೇರೆ ಸ್ವರದಲ್ಲಿ ಹಾಡೋ ದನಿಗಳನ್ನು, ಹುಡುಕಿ. ಮೂರನೇ ಸಲ ಬ್ರಿಡ್ಜ್ ಆದ ಮೇಲೆ ವೆಂಡಿ, ಸಲ್ಗಿ ಇಬ್ಬರ ಆಡ್-ಲಿಬ್ ಮಾತ್ರ ಹಿಡಿಯಿರಿ. ಇದಕ್ಕೆ ಇಯರ್‌ಫೋನ್ ಬೇಕೇ ಬೇಕು. ಫೋನಿನ ಸ್ಪೀಕರ್‌ನಲ್ಲಿ ಬೇಸ್ ಹೆಚ್ಚುಕಮ್ಮಿ ಮಾಯ, ಎಡಬಲ ಕಲಸಿಹೋಗಿ ಹಾರ್ಮನಿ ಬರೀ ಗೌಜಾಗಿ ಕೇಳುತ್ತೆ. ಬಿಡುಗಡೆಯಾದ ಎರಡೇ ದಿನಕ್ಕೆ, ಟಿವಿ ಕಾರ್ಯಕ್ರಮವೊಂದರ ರಿಹರ್ಸಲ್‌ನಲ್ಲಿ ವೆಂಡಿಗೆ ಗಂಭೀರ ಗಾಯವಾಗಿ ಪ್ರಚಾರವೆಲ್ಲ ನಿಂತುಹೋಯಿತು. ವೇದಿಕೆಯ ಸಹಾಯ ಇಲ್ಲದೆ ಬರೀ ಹಾಡಿನ ಬಲದಿಂದ ಗೆದ್ದದ್ದು ಇದು. ಇದನ್ನು ಬರೆದವರಲ್ಲಿ ಒಬ್ಬಳಾದ ಈಜೇ, 2025ರಲ್ಲಿ ಅನಿಮೇಷನ್ ಚಿತ್ರದ ಕಾಲ್ಪನಿಕ ತಂಡಕ್ಕಾಗಿ ಹಾಡಿದ 'ಗೋಲ್ಡನ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿ ಮುಟ್ಟಿತು.

ಬ್ಲ್ಯಾಕ್‌ಪಿಂಕ್ ಅಭಿಮಾನಿಗಳು ನನ್ನ ಮೇಲೆ ಸಿಟ್ಟಾಗಬಹುದು. 2018ರ 'ಡುಡು ಡುಡು' ಹಾಡಿನಲ್ಲಿ ಪ್ರೀ-ಕೋರಸ್ ಚೆನ್ನಾಗಿ ಮೇಲೆ ಹತ್ತಿಸಿ, ಕೋರಸ್ ಜಾಗದಲ್ಲಿ ರಾಗವನ್ನೇ ಕೊಡಲ್ಲ, ವಾದ್ಯದ ಹೊಡೆತ ಮತ್ತು ಒಂದು ಘೋಷಣೆ ಅಷ್ಟೇ. ಸಾವಿರಾರು ಜನರ ಕ್ರೀಡಾಂಗಣದಲ್ಲಿ ಅದು ಸಿಡಿಲು. ಮನೆಯಲ್ಲಿ ಕೂತು ಕೇಳಿದರೆ ಊಟಕ್ಕೆ ಕರೆದು ಎಲೆ ಮಾತ್ರ ಹಾಕಿದ ಹಾಗೆ.

ಎಸ್ಪಾ ತಂಡದವರು 2021ರ 'ನೆಕ್ಸ್ಟ್ ಲೆವೆಲ್'ನಲ್ಲಿ ಇದಕ್ಕೆ ಪೂರ್ತಿ ವಿರುದ್ಧದ ದಾರಿ ಹಿಡಿದರು. ಹಾಲಿವುಡ್ ಚಿತ್ರವೊಂದರ ಹಾಡನ್ನು ತಗೊಂಡು, ನಡುವೆ ನಡೆ ಬದಲಿಸಿ, ಇನ್ನೊಂದು ಹಾಡೇ ಅನ್ನೋ ಹಾಗೆ ಹಿಗ್ಗಿಸಿ, ಮತ್ತೆ ಮೊದಲಿಗೆ ಬಂದು ಸೇರ್ತಾರೆ. ಕೆಲವರಿಗೆ ಅದು ಹೊಲಿಗೆ ಬಿಟ್ಟ ಹಾಗೆ ಕಾಣುತ್ತೆ. ನನಗೆ ಆ ನಡುವಿನ ಭಾಗಕ್ಕಾಗಿಯೇ ಹಾಡು ಬೇಕು.

ಜಪಾನಿನ ಕಡೆ ಒಂದು ಮಾತು. ಎಕೆಬಿ48 ಥರದ ದೊಡ್ಡ ತಂಡಗಳಲ್ಲಿ ಹತ್ತು ಹದಿನಾರು ಜನ ಹೆಚ್ಚಾಗಿ ಒಟ್ಟಿಗೇ ಹಾಡೋದರಿಂದ ಪಾಲಿನ ಜಗಳ ಹಾಡಿನೊಳಗೆ ಇಲ್ಲ, ಮುಂದಿನ ಸಾಲಿನಲ್ಲಿ ಯಾರು ನಿಲ್ತಾರೆ ಅನ್ನೋದರಲ್ಲಿದೆ. ಅದನ್ನು ಸಿಡಿಯೊಳಗಿನ ಮತಚೀಟಿ ಬಳಸಿ ಅಭಿಮಾನಿಗಳೇ ತೀರ್ಮಾನಿಸ್ತಿದ್ದರು. ಹಾಡಿನ ಕಸುಬು ನೋಡಬೇಕಂದರೆ ಮೂವರ ತಂಡ ಪರ್ಫ್ಯೂಮ್‌ನ 2007ರ 'ಪಾಲಿರಿದಮ್' ಕೇಳಿ, ರಚನೆ ನಕಾಟಾ ಯಾಸುಟಾಕಾ ಅವರದು. ನಡುವೆ ನಾಲ್ಕರ ಬೀಟ್ ಕೆಳಗೆ ಓಡ್ತಿದ್ದರೂ ದನಿಗಳು ಐದರ ಲೆಕ್ಕದಲ್ಲಿ ಸುತ್ತುತ್ತವೆ. ಬೀಟ್‌ಗೆ ಕಾಲು ಕುಟ್ಟುತ್ತಾ ಬಾಯಲ್ಲಿ 'ತಕ ತಕಿಟ' ಹೇಳಿ ನೋಡಿ, ಎಲ್ಲಿ ಜಾರುತ್ತೆ, ಎಲ್ಲಿ ಮತ್ತೆ ಸಮಕ್ಕೆ ಬಂದು ಕೂರುತ್ತೆ ಅಂತ ಗೊತ್ತಾಗುತ್ತೆ. ನಮ್ಮ ಕಚೇರಿ ಕೇಳಿ ಅಭ್ಯಾಸ ಇರೋರಿಗೆ ಇದು ಬೇಗ ಹಿಡಿಸುತ್ತೆ.

ಕೊನೆಗೆ, ಯಾರು ನಿಜವಾಗಿ ಹಾಡ್ತಾರೆ ಅಂತ ತಿಳಿಯೋದು ಹೇಗೆ. ವಾರದ ಟಿವಿ ಕಾರ್ಯಕ್ರಮಗಳಲ್ಲಿ ಕುಣಿತದ ಜೊತೆ ಕೇಳೋ ದನಿಯ ಹಿಂದೆ ಮೊದಲೇ ಧ್ವನಿಮುದ್ರಿಸಿದ ದನಿ ಸೇರಿರಬಹುದು. ಅದನ್ನು ನಂಬಬೇಡಿ. ಆ ಕಾರ್ಯಕ್ರಮದಲ್ಲಿ ವಾರದ ಮೊದಲ ಸ್ಥಾನ ಗೆದ್ದ ತಂಡ ಟ್ರೋಫಿ ಹಿಡಿದು, ಕುಣಿತ ಬಿಟ್ಟು ಹಾಡೋ ಎನ್‌ಕೋರ್ ನೋಡಿ. ಪ್ರೀ-ಕೋರಸ್ ಹತ್ತುವಾಗ ಸ್ವರ ತಗ್ಗುತ್ತಾ, ಸಾಲಿನ ಕೊನೆಯ ಅಕ್ಷರದವರೆಗೆ ಉಸಿರು ಉಳಿಯುತ್ತಾ, ಗಮನಿಸಿ. ಒಂದೇ ಎನ್‌ಕೋರ್ ನೋಡಿ ತೀರ್ಪು ಕೊಡಬೇಡಿ. ಗೆದ್ದ ಖುಷಿಗೆ ಅಳ್ತಿರ್ತಾರೆ, ನಗ್ತಿರ್ತಾರೆ, ಮೇಲಿನಿಂದ ಬಣ್ಣದ ಕಾಗದ ಬಾಯಿಗೇ ಬೀಳ್ತಿರುತ್ತೆ. ಎರಡು ಮೂರು ವಾರದ್ದು ನೋಡಿ. ಬ್ರಿಡ್ಜ್ ಇರೋ ಹಾಡನ್ನೇ ಆರಿಸಿಕೊಳ್ಳಿ. ಇಲ್ಲದ ಹಾಡಿನಲ್ಲಿ ಪರೀಕ್ಷೆ ಮಾಡೋ ಸ್ವರವೇ ಇರಲ್ಲ. ನಮಸ್ಕಾರ.